ಮಾಲ್ದೀವ್ಸಿನಿಂದ ಲಕ್ಷದ್ವೀಪದ ದಾರಿಯಾಗಿ ಕಾಸರಗೋಡಿಗೆ ಹಾಯಿದೋಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರು ಹಡಗಿನ ಕೆಲಸದಲ್ಲಿ, ಗಲ್ಫಿನಲ್ಲಿ, ಮಾಲ್ದೀವ್ಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರಿಗೆ ಒಂದು ಆಸೆ: ಒಮ್ಮೆಯಾದರೂ ಸ್ವಂತ ಹಾಯಿದೋಣಿಯಲ್ಲಿ ಊರಿಗೆ ಬರಬೇಕು. ಇದು ಒಳ್ಳೆಯ ಆಸೆ. ತಯಾರಿ ಸರಿ ಇದ್ದರೆ ಆಗದ ಮಾತೂ ಅಲ್ಲ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹತ್ತು-ಹನ್ನೆರಡು ಮೀಟರ್ ಉದ್ದದ, ಡೀಸೆಲ್ ಇಂಜಿನ್ ಕೂಡ ಇರುವ, ಮೂರು ಜನ ನಡೆಸುವ ಹಾಯಿದೋಣಿಯನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದೇನೆ. ದೂರ ಎಲ್ಲ ನಾಟಿಕಲ್ ಮೈಲಿನಲ್ಲಿದೆ. ವೇಗ ಗಂಟೆಗೆ 5 ಮೈಲು, ಅಂದರೆ 5 ನಾಟ್ ಎಂದು ಹಿಡಿದಿದ್ದೇನೆ.

ಯೋಜನೆ ಎಲ್ಲಿಂದ ಶುರು ಮಾಡಬೇಕು?

ಕೊನೆಯಿಂದ. ಹೆಚ್ಚಿನವರು ಹೊರಡುವ ದಿನ ಮೊದಲು ಗೊತ್ತು ಮಾಡುತ್ತಾರೆ, ಆಮೇಲೆ ಒಂದೊಂದೇ ದ್ವೀಪ ಸೇರಿಸುತ್ತಾ ಬರುತ್ತಾರೆ. ಊರು ಮುಟ್ಟುವಾಗ ಮೇ ತಿಂಗಳು ಬಂದಿರುತ್ತದೆ. ನನ್ನ ಮಾತು ಕೇಳಿದರೆ ಮೊದಲು ಮೂರು ವಿಷಯ ಬರೆದಿಡಿ: ಮಳೆಗಾಲದಲ್ಲಿ ದೋಣಿ ಎಲ್ಲಿರುತ್ತದೆ, ಊರಿನ ಕರಾವಳಿಗೆ ಯಾವ ವಾರ ಮುಟ್ಟಬೇಕು, ಆ ದಿನ ಬೆಳಗ್ಗೆ ಎಷ್ಟು ಗಂಟೆಗೆ ದಡ ಕಾಣಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಎಷ್ಟು ದ್ವೀಪ ನೋಡಬಹುದು ಅನ್ನುವುದು ಆ ಲೆಕ್ಕದಲ್ಲಿ ಉಳಿದ ದಿನಗಳ ಮೇಲೆ ಹೋಗುತ್ತದೆ.

ದಾರಿ ಯಾವುದು? ಎಷ್ಟು ದೂರ?

ಮಾಲ್ದೀವ್ಸಿನ ಉತ್ತರ ತುದಿಯಲ್ಲಿ ಉಲಿಗಾನ್ ಅಂತ ಒಂದು ಸಣ್ಣ ದ್ವೀಪ ಇದೆ. ದಾರಿಹೋಕ ಹಾಯಿದೋಣಿಗಳು ಕಾಗದಪತ್ರ ಮುಗಿಸಿ ಹೊರಡುವ ವಾಡಿಕೆಯ ಜಾಗ ಅದು. ಮಾಲೆಯಿಂದ ಅಲ್ಲಿಗೆ ಸುಮಾರು 180 ಮೈಲು. ಉಲಿಗಾನ್‌ನಿಂದ ನೇರ ಉತ್ತರಕ್ಕೆ 70 ಮೈಲು ಹೋದರೆ ಲಕ್ಷದ್ವೀಪದ ತೆಂಕು ತುದಿಯ ಮಿನಿಕಾಯ್. ನಡುವಿನ ಕಡಲೇ ಎಂಟು ಡಿಗ್ರಿ ಚಾನೆಲ್. ಮಿನಿಕಾಯ್‌ನಿಂದ ಕಲ್ಪೇನಿಗೆ 115 ಮೈಲು, ಇದರ ನಡುವೆ ಒಂಬತ್ತು ಡಿಗ್ರಿ ಚಾನೆಲ್. ಕಲ್ಪೇನಿಯಿಂದ ಕವರತ್ತಿಗೆ 65, ಕವರತ್ತಿಯಿಂದ ಕಡಮತ್‌ಗೆ 40, ಅಲ್ಲಿಂದ ಕಿಲ್ತಾನ್‌ಗೆ 20. ಕಿಲ್ತಾನ್‌ನಿಂದ ಕಾಸರಗೋಡಿಗೆ 130, ಪಣಂಬೂರಿನ ನವಮಂಗಳೂರು ಬಂದರಿಗೆ ಸುಮಾರು 137.

ಮ್ಯಾಪಿನಲ್ಲಿ ನೋಡಿದರೆ ಊರಿಗೆ ಮೆಟ್ಟಿಲು ಇಟ್ಟ ಹಾಗೆ ಕಾಣುತ್ತದೆ. ಆದರೆ ಮೆಟ್ಟಿಲು ಹತ್ತುವ ಅನುಮತಿ ಬೇರೆ ವಿಷಯ. ಅದಕ್ಕೆ ಮುಂದೆ ಬರುತ್ತೇನೆ. ಎಲ್ಲೂ ನಿಲ್ಲದೆ ಉಲಿಗಾನ್‌ನಿಂದ ಪಣಂಬೂರಿಗೆ ಬಂದರೆ ಸುಮಾರು 370 ಮೈಲು, ಮೂರು ಹಗಲು ಮೂರು ರಾತ್ರಿ. ಕೊಚ್ಚಿಗೆ 260 ಮೈಲು, ಎರಡು ದಿನ ಮತ್ತು ಸ್ವಲ್ಪ.

ಯಾವ ತಿಂಗಳು ಒಳ್ಳೆಯದು?

ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಇದಕ್ಕೆ ಕಾರಣ ಗೊತ್ತಿದ್ದರೆ ನಿಮ್ಮ ದಿನಾಂಕವನ್ನು ನೀವೇ ಗೊತ್ತು ಮಾಡಬಹುದು.

ಡಿಸೆಂಬರ್, ಜನವರಿಯಲ್ಲಿ ಆಕಾಶ ಚೆನ್ನಾಗಿರುತ್ತದೆ, ಕಡಲು ಶಾಂತ. ಆದರೆ ಗಾಳಿ ಈಶಾನ್ಯದ್ದು. ನೀವು ಹೋಗಬೇಕಾದದ್ದೂ ಈಶಾನ್ಯಕ್ಕೇ. ಹಾಯಿದೋಣಿ ಗಾಳಿಯ ಮೂತಿಗೆ ನೇರ ಹೋಗುವುದಿಲ್ಲ, ಅಡ್ಡಡ್ಡ ಓಡಿಸಿ 260 ಮೈಲಿನ ದಾರಿಯನ್ನು 350 ಮಾಡಿಕೊಳ್ಳಬೇಕು. ಕೊಚ್ಚಿಯಿಂದ ಮಾಲ್ದೀವ್ಸಿಗೆ ಹೋಗುವ ವಿದೇಶಿ ದೋಣಿಗಳು ಜನವರಿಯನ್ನೇ ಆರಿಸುವುದು ಅದೇ ಗಾಳಿ ಬೆನ್ನಿಗೆ ಸಿಗುತ್ತದೆ ಅಂತ. ನಮಗೆ ಅದು ಎದುರು.

ಫೆಬ್ರವರಿ ಕೊನೆಗೆ ಈಶಾನ್ಯ ಗಾಳಿ ಸೋಲುತ್ತದೆ. ಮಾರ್ಚಿನಲ್ಲಿ ಲಕ್ಷದ್ವೀಪದ ಸುತ್ತ ಗಾಳಿ ಉತ್ತರಕ್ಕೆ, ವಾಯವ್ಯಕ್ಕೆ ತಿರುಗುತ್ತದೆ. ಕಿಲ್ತಾನ್‌ನಿಂದ ಕಾಸರಗೋಡಿನ ದಿಕ್ಕು ಪೂರ್ವ-ಈಶಾನ್ಯ. ಆಗ ವಾಯವ್ಯದ ಗಾಳಿ ಎಡಗಡೆಯಿಂದ ಅಡ್ಡ ಬರುತ್ತದೆ. ಹಾಯಿದೋಣಿಗೆ ಇದಕ್ಕಿಂತ ಸುಖದ ಗಾಳಿ ಇಲ್ಲ. ಗಾಳಿ ಜಾಸ್ತಿ ಇರುವುದಿಲ್ಲ, ಕೆಲವು ದಿನ ಇರುವುದೇ ಇಲ್ಲ. ಅದಕ್ಕೇ ಇಂಜಿನ್ ಮತ್ತು ಡೀಸೆಲ್.

ಏಪ್ರಿಲ್ ನಡು ದಾಟಿದ ಮೇಲೆ ಸೆಕೆ, ಸಂಜೆ ಗುಡುಗುಮಳೆ, ಗಳಿಗೆಯಲ್ಲಿ ದಿಕ್ಕು ಬದಲಿಸುವ ಗಾಳಿ. ಮೇ ಬಂದರೆ ಚಂಡಮಾರುತದ ಹೊತ್ತು. 2021ರ ಮೇಯಲ್ಲಿ ತೌಕ್ತೆ ಹುಟ್ಟಿದ್ದೇ ಲಕ್ಷದ್ವೀಪದ ಹತ್ತಿರ. ಎರಡು-ಮೂರು ದಿನದಲ್ಲಿ ಅದು ನಮ್ಮ ಕರಾವಳಿಯ ಮನೆಗಳನ್ನು ಕಡಲಿಗೆ ಎಳೆದದ್ದು ಉಪ್ಪಳ, ಮಂಜೇಶ್ವರದವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದೇ ಭಯ ಇದೆ. 2017ರ ನವೆಂಬರ್ ಕೊನೆಗೆ ಬಂದ ಓಖಿ ಎಷ್ಟು ಮೀನುಗಾರರನ್ನು ತೆಗೆದುಕೊಂಡು ಹೋಯಿತು! ದ್ವೀಪಗಳಲ್ಲಿ ಅಡಗಲು ಜಾಗ ಇಲ್ಲ. ನೀರಿನಿಂದ ಎರಡಾಳೆತ್ತರವೂ ಇಲ್ಲದ ಮರಳು ದಿಬ್ಬಗಳು ಅವು.

ಮಾಲ್ದೀವ್ಸಿನಿಂದ ಹೊರಟು ನೇರ ಲಕ್ಷದ್ವೀಪದಲ್ಲಿ ಇಳಿಯಬಹುದಾ?

ಹಾಗೆ ಯೋಜನೆ ಮಾಡಬೇಡಿ. ಪರದೇಶದಿಂದ ಬರುವ ದೋಣಿ ಮೊದಲು ಇಮಿಗ್ರೇಶನ್, ಕಸ್ಟಮ್ಸ್ ಇರುವ ಬಂದರಿಗೆ ಬಂದು ಮೊಹರು ಹಾಕಿಸಬೇಕು. ನಿಮ್ಮ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೂ ಅಷ್ಟೇ. ನಮ್ಮ ಪಾಲಿಗೆ ಅನುಕೂಲದ ಬಂದರು ಎರಡು: ಕೊಚ್ಚಿ, ನವಮಂಗಳೂರು.

ನನ್ನ ಸಲಹೆ ಕೊಚ್ಚಿ. ಅಲ್ಲಿ ಬೋಳ್ಗಾಟ್ಟಿ ದ್ವೀಪದಲ್ಲಿ ಹಾಯಿದೋಣಿಗಳಿಗಾಗಿಯೇ ಕಟ್ಟಿದ ಮರೀನಾ ಇದೆ. ಏಜೆಂಟರಿಗೆ ಸಣ್ಣ ದೋಣಿಯ ಕಾಗದಪತ್ರ ಗೊತ್ತು. ಲಕ್ಷದ್ವೀಪ ಆಡಳಿತದ ಕಚೇರಿಯೂ ಅಲ್ಲೇ ವೆಲ್ಲಿಂಗ್ಡನ್ ದ್ವೀಪದಲ್ಲಿದೆ. ಹಾಗಾಗಿ ಉಲಿಗಾನ್‌ನಿಂದ ಕೊಚ್ಚಿ, ಕೊಚ್ಚಿಯಿಂದ ಕಲ್ಪೇನಿ (ಸುಮಾರು 155 ಮೈಲು), ಅಲ್ಲಿಂದ ಕವರತ್ತಿ, ಕಡಮತ್, ಕಿಲ್ತಾನ್, ಕೊನೆಗೆ ಊರು. ಸುತ್ತು ಅಂತ ಅನಿಸುತ್ತದೆ, ಹೌದು. ಆದರೆ ಕೊಚ್ಚಿಯಲ್ಲಿ ಒಮ್ಮೆ ಮೊಹರು ಬಿದ್ದ ಮೇಲೆ ಮುಂದಿನ ಪಯಣ ದೇಶದೊಳಗಿನದ್ದು, ತಲೆಬಿಸಿ ಅರ್ಧ ಇಳಿಯುತ್ತದೆ.

ಈ ಲೆಕ್ಕದಲ್ಲಿ ಮಿನಿಕಾಯ್ ಬಿಟ್ಟುಹೋಗುತ್ತದೆ. ಅದು ಬೇಜಾರಿನ ಸಂಗತಿ. 1885ರ ದೀಪಸ್ತಂಭ, ಮಾಲ್ದೀವ್ಸಿನ ಧಿವೇಹಿಯ ನಂಟಿನ ಮಹಲ್ ಭಾಷೆ, ಗಾಳದಲ್ಲಿ ಒಂದೊಂದೇ ಕೇದರ ಮೀನು ಎತ್ತುವ ದೋಣಿಗಳು, ಎಲ್ಲವೂ ಬೇರೆಯೇ ಲೋಕ. ಆದರೆ ಕಲ್ಪೇನಿಯಿಂದ ಹೋಗಿ ಬರಲು 230 ಮೈಲು ಬೇಕು. ಅದನ್ನು ಇನ್ನೊಂದು ವರ್ಷಕ್ಕೆ ಹಡಗಿನಲ್ಲಿ ಹೋಗಿ ನೋಡಿ.

ದೋಣಿ ಬೇರೆ ದೇಶದಲ್ಲಿ ರಿಜಿಸ್ಟರ್ ಆದದ್ದಾದರೆ ಇನ್ನೊಂದು ಸುತ್ತು ಕೆಲಸ ಇದೆ. ಅದನ್ನು ಊರಲ್ಲಿ ಖಾಯಂ ಇಟ್ಟುಕೊಳ್ಳುವುದು ಅಂದರೆ ಆಮದು, ಅದಕ್ಕೆ ಸುಂಕ. ದೋಣಿ ಕೊಳ್ಳುವ ಮೊದಲೇ ಕಸ್ಟಮ್ಸ್ ಏಜೆಂಟರ ಹತ್ತಿರ ಮಾತಾಡಿ. ಕೊಂಡ ಮೇಲೆ ಕೇಳಿದರೆ ಉತ್ತರ ದುಬಾರಿಯಾಗುತ್ತದೆ.

ಲಕ್ಷದ್ವೀಪಕ್ಕೆ ನಾವು ಭಾರತೀಯರಿಗೂ ಪರ್ಮಿಟ್ ಬೇಕಾ?

ಬೇಕು. 1967ರ ನಿಯಮದ ಪ್ರಕಾರ ದ್ವೀಪದ ಮೂಲನಿವಾಸಿಗಳಲ್ಲದ ಎಲ್ಲರಿಗೂ ಪ್ರವೇಶ ಪರ್ಮಿಟ್ ಕಡ್ಡಾಯ. ಅರ್ಜಿಯಲ್ಲಿ ದೋಣಿಯ ಹೆಸರು, ಪ್ರತಿಯೊಬ್ಬರ ಹೆಸರು, ಯಾವ ಯಾವ ದ್ವೀಪ, ಯಾವ ದಿನ ಅಂತ ಬಿಡಿಸಿ ಬರೆಯಿರಿ. ದಿನಗಳ ನಡುವೆ ಸ್ವಲ್ಪ ಸಡಿಲ ಇರಲಿ, ಗಾಳಿ ನಿಮ್ಮ ಅರ್ಜಿ ಓದುವುದಿಲ್ಲ. ಪೊಲೀಸ್ ಕ್ಲಿಯರೆನ್ಸಿಗೆ ನಿಮ್ಮ ಠಾಣೆಯಲ್ಲಿ ಸಮಯ ಹಿಡಿಯುತ್ತದೆ, ತಿಂಗಳುಗಟ್ಟಲೆ ಮೊದಲೇ ಶುರು ಮಾಡಿ. ಜೊತೆಯಲ್ಲಿ ವಿದೇಶಿ ಗೆಳೆಯರಿದ್ದರೆ ಅವರಿಗೆ ತೆರೆದಿರುವ ದ್ವೀಪಗಳು ತೀರಾ ಕಡಿಮೆ, ಅವರ ಅರ್ಜಿಯೇ ಬೇರೆ.

ಪರ್ಮಿಟ್ ಸಿಗದಿದ್ದರೆ? ದ್ವೀಪ ಬಿಟ್ಟು ಕೊಚ್ಚಿಯಿಂದ ಕರಾವಳಿ ಹಿಡಿದು ಬನ್ನಿ. "ಸುಮ್ನೆ ಒಂದು ರಾತ್ರಿ ಲಂಗರು ಹಾಕಿ ಹೋಗೋಣ, ಯಾರು ಕೇಳ್ತಾರೆ" ಅನ್ನುವ ಯೋಚನೆ ಬೇಡ. ಕೇಳುತ್ತಾರೆ. 2008ರ ಮುಂಬೈ ದಾಳಿ ಆದ ಮೇಲೆ ಈ ಕಡಲಿನಲ್ಲಿ ಗುರುತಿಲ್ಲದ ದೋಣಿಯನ್ನು ಯಾರೂ ಹಗುರವಾಗಿ ನೋಡುವುದಿಲ್ಲ, ನೋಡಲೂಬಾರದು.

ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳಬಹುದಾ?

ಈ ಪ್ರಶ್ನೆಯನ್ನು ಕೇಳದೇ ಬಂದು ತೊಂದರೆಗೆ ಸಿಕ್ಕವರು ಇದ್ದಾರೆ, ದಯವಿಟ್ಟು ಗಮನ ಕೊಡಿ. ಬೇರೆ ದೇಶಗಳಲ್ಲಿ ಅಂಗಡಿಯಲ್ಲಿ ಸಿಗುವ ಥುರಾಯಾ, ಇರಿಡಿಯಂ ಫೋನುಗಳನ್ನು ಭಾರತದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಇರಿಡಿಯಂ ಜಾಲದಲ್ಲಿ ಕೆಲಸ ಮಾಡುವ ಅಂಗೈಯಷ್ಟಗಲದ ಮೆಸೇಜು ಸಾಧನಗಳಿಗೂ ಇದೇ ಮಾತು. ಚಾರಣಕ್ಕೆ ಬಂದ ವಿದೇಶಿಯರು ವಿಮಾನ ನಿಲ್ದಾಣದಲ್ಲೇ ಇದಕ್ಕಾಗಿ ಸಿಕ್ಕಿಬಿದ್ದಿದ್ದಾರೆ. ಬಿಎಸ್‌ಎನ್‌ಎಲ್ ಮೂಲಕ ಲೈಸೆನ್ಸಿನ ಜೊತೆ ಸಿಗುವ ಇನ್‌ಮಾರ್‌ಸ್ಯಾಟ್ ಫೋನು ಕಾನೂನಿನ ದಾರಿ. ಉಪಗ್ರಹ ಇಂಟರ್ನೆಟ್ಟಿನ ತಟ್ಟೆ ದೋಣಿಯಲ್ಲಿದ್ದರೆ ಏಜೆಂಟರಿಗೆ ಮೊದಲೇ ತಿಳಿಸಿ.

ಅಪಾಯದ ಸೂಚನೆ ಕೊಡುವ 406 ಮೆಗಾಹರ್ಟ್ಸ್ ಬೀಕನ್ ಬೇರೆ ವಸ್ತು. ಅದು ಇರಲೇಬೇಕು, ನಿಮ್ಮ ದೋಣಿಯ ಹೆಸರಲ್ಲಿ ನೋಂದಣಿ ಆಗಿರಬೇಕು.

ದೊಡ್ಡ ಹಡಗುಗಳ ದಾರಿ ದಾಟುವುದು ಹೇಗೆ?

ಶ್ರೀಲಂಕಾದ ತೆಂಕು ತುದಿ ಸುತ್ತಿ ಗಲ್ಫಿಗೆ, ಕೆಂಪು ಸಮುದ್ರಕ್ಕೆ ಹೋಗುವ ಹಡಗುಗಳೆಲ್ಲ ಈ ಎರಡು ಚಾನೆಲ್‌ಗಳಲ್ಲೇ ನುಸುಳುತ್ತವೆ. ಉಲಿಗಾನ್‌ನಿಂದ ಕೊಚ್ಚಿಗೆ ಬರುವಾಗ ನೀವು ಆ ಸಾಲನ್ನು ಕಡಿದು ಬರಬೇಕು. 18 ನಾಟ್ ವೇಗದ ಕಂಟೇನರ್ ಹಡಗು 6 ಮೈಲು ದೂರದಲ್ಲಿ ಕಂಡರೆ ನಿಮ್ಮ ಹತ್ತಿರ ಬರಲು 20 ನಿಮಿಷ ಸಾಕು. ಒಂದು ಚಾ ಕಾಯಿಸಿ ಕುಡಿಯುವಷ್ಟು ಹೊತ್ತು. ಸಾಲನ್ನು ಆದಷ್ಟು ನೇರ ಅಡ್ಡ ದಾಟಿ. ಎಐಎಸ್ (ಹಡಗುಗಳು ತಮ್ಮ ಜಾಗವನ್ನು ಒಂದಕ್ಕೊಂದು ರೇಡಿಯೋದಲ್ಲಿ ತಿಳಿಸುವ) ಸಾಧನ ಕೇಳುವುದು ಮಾತ್ರವಲ್ಲ, ನಿಮ್ಮನ್ನು ಬೇರೆಯವರಿಗೆ ತೋರಿಸುವಂಥದ್ದೂ ಆಗಿರಬೇಕು. ಅನುಮಾನ ಬಂದರೆ ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ ಹಡಗನ್ನು ಹೆಸರು ಹಿಡಿದು ಕರೆಯಿರಿ. ಮರ್ಯಾದೆಯಿಂದ ಉತ್ತರ ಕೊಡುತ್ತಾರೆ.

ನೀರಿನಲ್ಲಿ ತೇಲುವ ವಸ್ತುಗಳ ಎಚ್ಚರಿಕೆ ಪ್ರಕಟಣೆಗಳನ್ನೂ ನೋಡಿ. 2025ರ ಮೇಯಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯ ಹೊರಗೆ ಮುಳುಗಿದಾಗ ಅದರಲ್ಲಿ 640 ಕಂಟೇನರ್ ಇದ್ದವು. ಅವುಗಳಲ್ಲಿ ಕೆಲವು ತೇಲಿ ಕೇರಳದ ದಡಕ್ಕೇ ಬಂದು ಬಿದ್ದವು. ಅರ್ಧ ಮುಳುಗಿದ ಕಬ್ಬಿಣದ ಪೆಟ್ಟಿಗೆ ರಾತ್ರಿ ಕಾಣುವುದಿಲ್ಲ.

ಕಡಲ್ಗಳ್ಳರ ಭಯ ಇದೆಯಾ?

2011ರ ಸುಮಾರಿಗೆ ಸೊಮಾಲಿಯಾದ ಕಳ್ಳರು ಲಕ್ಷದ್ವೀಪದ ತನಕವೂ ಬಂದಿದ್ದರು, ನಮ್ಮ ನೌಕಾಪಡೆ ಹಿಡಿದು ಹಾಕಿತು. ಈಗ ಈ ದಾರಿಯಲ್ಲಿ ಅದು ಮೊದಲ ಚಿಂತೆ ಅಲ್ಲ. ಹೊರಡುವ ವಾರದ ಸುದ್ದಿ ನೋಡಿಕೊಳ್ಳಿ, ಸಾಕು.

ಹವಳದ ದ್ವೀಪದ ಹತ್ತಿರ ಹೋಗುವಾಗ ಏನು ನೋಡಬೇಕು?

ಸೂರ್ಯನನ್ನು. ಹವಳದ ದಿಬ್ಬ ಕಾಣುವುದು ಬಣ್ಣದಲ್ಲಿ. ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಬಣ್ಣ ಅಂದರೆ ಹವಳ ಮೇಲೆಯೇ ಇದೆ. ಈ ಬಣ್ಣ ಕಾಣಲು ಸೂರ್ಯ ತಲೆಯ ಮೇಲೆ ಅಥವಾ ಬೆನ್ನ ಹಿಂದೆ ಇರಬೇಕು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಸರಿಯಾದ ಹೊತ್ತು. ಸಂಜೆ ಪಡುವಣ ಸೂರ್ಯ ಎದುರಿಗಿದ್ದರೆ ನೀರು ಪೂರ್ತಿ ಬೆಳ್ಳಿ, ಏನೂ ಕಾಣುವುದಿಲ್ಲ. ಒಬ್ಬರು ಮುಂಭಾಗದಲ್ಲಿ ನಿಂತು ನೋಡಬೇಕು, ಕಣ್ಣಿಗೆ ಪೋಲರೈಸ್ಡ್ ಕನ್ನಡಕ ಇರಲಿ. ಕೂಗಿದರೆ ಇಂಜಿನ್ ಸದ್ದಿನಲ್ಲಿ ಹಿಂದೆ ಚುಕ್ಕಾಣಿ ಹಿಡಿದವರಿಗೆ ಕೇಳುವುದಿಲ್ಲ. ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ.

ಲಕ್ಷದ್ವೀಪದಲ್ಲಿ ಸಾಮಾನ್ಯವಾಗಿ ನೆಲ ಮೂಡುಬದಿಯಲ್ಲಿರುತ್ತದೆ, ಲಗೂನ್ (ಹವಳದ ದಿಬ್ಬದ ಒಳಗಿನ ಶಾಂತ ನೀರು) ಪಡುಬದಿಯಲ್ಲಿ. ಮೂಡುಬದಿಯಲ್ಲಿ ದಡದ ಹತ್ತಿರವೇ ನೂರಾರು ಮೀಟರ್ ಆಳ, ಲಂಗರಿಗೆ ನೆಲ ಸಿಗುವುದಿಲ್ಲ. ಪಡುಬದಿಯ ಲಗೂನಿಗೆ ಹೋಗುವ ಬಾಗಿಲು ಇಕ್ಕಟ್ಟು, ಆಳ ಕಡಿಮೆ. ನಿಮ್ಮ ದೋಣಿಯ ಕೀಲ್ (ತಳದಿಂದ ನೀರೊಳಗೆ ಇಳಿಯುವ ರೆಕ್ಕೆ) ಎರಡು ಮೀಟರ್ ಇಳಿದಿದ್ದರೆ ಹಲವು ಕಡೆ ಒಳಗೆ ಹೋಗುವ ಆಸೆ ಬಿಡಬೇಕು. ಊರಿನ ಒಬ್ಬ ಮೀನುಗಾರನನ್ನು ಕರೆದು ದೋಣಿಗೆ ಹತ್ತಿಸಿಕೊಳ್ಳಿ. ಕಾಸರಗೋಡಿನವರಿಗೆ ಮಲಯಾಳಂ ಹೇಗೂ ಬರುತ್ತದೆ ಅಲ್ವಾ, ಅವರ ಜೆಸೆರಿ ಮಾತು ಎರಡು ದಿನದಲ್ಲಿ ಕಿವಿಗೆ ಹತ್ತುತ್ತದೆ.

ನಕ್ಷೆ ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನದ್ದು ಇರಲಿ, ಕಾಗದದ್ದೂ ಒಂದು ಪ್ರತಿ. ಫೋನಿನ ನಕ್ಷೆ ಒಂದನ್ನೇ ನಂಬಬೇಡಿ. ಜನವಸತಿ ಇರುವ ದ್ವೀಪ ಹತ್ತೇ. ಉಳಿದವು ಕತ್ತಲಲ್ಲಿರುತ್ತವೆ. ಉತ್ತರದ ಚೆರ್ಬನಿಯಾನಿ, ಬೈರಾಮ್‌ಗೋರ್ ಹವಳ ದಿಬ್ಬಗಳು ನೀರಿನ ಮೇಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನಮ್ಮ ದಾರಿ ಅವುಗಳ ಮೂಡಕ್ಕೆ ದೂರದಲ್ಲಿ ಹಾಯುತ್ತದೆ. ಗಾಳಿಗೆ ಸಿಕ್ಕಿ ಪಡುವಕ್ಕೆ ಜಾರಬೇಡಿ.

ದ್ವೀಪದಲ್ಲಿ ನಡೆದುಕೊಳ್ಳುವುದು?

ಲಂಗರು ಮರಳಿನ ಮೇಲೆ ಮಾತ್ರ, ಹವಳದ ಮೇಲೆ ಬೇಡವೇ ಬೇಡ. 1998, 2010, 2016ರಲ್ಲಿ ಕಡಲು ಬಿಸಿಯಾಗಿ ಇಲ್ಲಿನ ಹವಳ ಬೆಳ್ಳಗಾಗಿ ಸತ್ತಿತು, 2024ರಲ್ಲಿ ಮತ್ತೆ. ಬದುಕಿ ಉಳಿದದ್ದರ ಮೇಲೆ ನಮ್ಮ ಸರಪಳಿ ಎಳೆದಾಡಬಾರದು. ಹವಳದ ತುಂಡು, ಕಡಲ ಸೌತೆ, ದೊಡ್ಡ ಕಪ್ಪೆಚಿಪ್ಪು ಮುಟ್ಟಿದರೆ ವನ್ಯಜೀವಿ ಕಾಯ್ದೆ ಇದೆ. ದ್ವೀಪಗಳಲ್ಲಿ ಮದ್ಯನಿಷೇಧ. ಜನ ಮುಸ್ಲಿಮರು, ಶುಕ್ರವಾರ ಮಧ್ಯಾಹ್ನ ಯಾವ ಕೆಲಸಕ್ಕೂ ಯಾರನ್ನೂ ಕರೆಯಬೇಡಿ, ದಡಕ್ಕೆ ಹೋಗುವಾಗ ಮೈತುಂಬ ಬಟ್ಟೆ ಇರಲಿ. ನಮ್ಮ ಊರಲ್ಲಿ ಹೇಗೆ ಇರುತ್ತೇವೋ ಹಾಗೆ ಇದ್ದರಾಯಿತು.

ನೀರು, ಊಟ, ಡೀಸೆಲ್ ಎಷ್ಟು ಬೇಕು?

ದ್ವೀಪದಲ್ಲಿ ತುಂಬಿಸಿಕೊಳ್ಳೋಣ ಅಂತ ಲೆಕ್ಕ ಹಾಕಬೇಡಿ. ಅಲ್ಲಿ ಸಿಹಿನೀರು ಅಂದರೆ ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರ. ಅವರಿಗೇ ಸಾಲದೆ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಹಾಕಿದರು, ದಿನಕ್ಕೆ ಒಂದು ಲಕ್ಷ ಲೀಟರಿನದ್ದು. ಕುಡಿಯಲು ಮತ್ತು ಅಡಿಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ, ಅಂದಾಜಿನ ಎರಡು ಪಟ್ಟು ದಿನಕ್ಕೆ ತುಂಬಿ. ಒಂದೇ ಟ್ಯಾಂಕಿನಲ್ಲಿ ಬೇಡ, ಅರ್ಧ ಕ್ಯಾನ್‌ಗಳಲ್ಲಿರಲಿ.

ಡೀಸೆಲ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಕೊಚ್ಚಿಯಿಂದ ಹೊರಡುವಾಗ ಊರಿನವರೆಗಿನ ಸುಮಾರು 410 ಮೈಲಿನಲ್ಲಿ ಮುಕ್ಕಾಲು ಪಾಲು ಇಂಜಿನ್‌ನಲ್ಲೇ ಬರುವಷ್ಟು ಇರಬೇಕು. ಮಾರ್ಚಿನ ಕಡಲು ಕೆಲವೊಮ್ಮೆ ಎಣ್ಣೆ ಹೊಯ್ದ ಹಾಗೆ ಮಲಗಿರುತ್ತದೆ. ಫಿಲ್ಟರ್ ಹೆಚ್ಚುವರಿ ಇಟ್ಟುಕೊಳ್ಳಿ.

ಊಟಕ್ಕೆ ನಮ್ಮ ಕುಚ್ಚಲಕ್ಕಿ ಗಂಜಿಯೇ ಸಾಕು, ಉಪ್ಪಿನಕಾಯಿ, ಸುಟ್ಟ ಹಪ್ಪಳ, ಒಣಮೀನು ಚಟ್ನಿ. ಹೊಟ್ಟೆ ತೊಳಸುವವರಿಗೂ ಗಂಜಿತಿಳಿ ಇಳಿಯುತ್ತದೆ. ಅವಲಕ್ಕಿ, ಬೆಲ್ಲ, ಪುನರ್ಪುಳಿ ಶರಬತ್ತು ಕೈಗೆ ಸಿಗುವಲ್ಲಿರಲಿ, ರಾತ್ರಿ ಪಾಳಿಯವರಿಗೆ ಬೇಕಾಗುತ್ತದೆ.

ಇಬ್ಬರೇ ಬರಬಹುದಾ?

ಬರಬಹುದು. 2024ರ ಅಕ್ಟೋಬರಿನಿಂದ 2025ರ ಮೇವರೆಗೆ ನೌಕಾಪಡೆಯ ಇಬ್ಬರು ಅಧಿಕಾರಿಗಳು, ದಿಲ್ನಾ ಮತ್ತು ರೂಪಾ, ತಾರಿಣಿ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಗೋವಾಕ್ಕೆ ಮರಳಿದರು. ಆದರೆ ಅವರ ಹಿಂದೆ ವರ್ಷಗಟ್ಟಲೆ ತರಬೇತಿ ಇತ್ತು. ನಮ್ಮಂಥವರಿಗೆ ಮೂರು ಜನ ಹಿತ: ಮೂರು ಗಂಟೆ ಪಾಳಿ, ಆರು ಗಂಟೆ ಬಿಡುವು. ನಿದ್ದೆಗೆಟ್ಟವನು ಹಡಗಿನ ದೀಪವನ್ನು ನಕ್ಷತ್ರ ಅಂದುಕೊಳ್ಳುತ್ತಾನೆ. ರಾತ್ರಿ ಡೆಕ್ಕಿನಲ್ಲಿ ಒಬ್ಬರೇ ಇದ್ದಾಗ ಸೊಂಟದ ಹಗ್ಗ ದೋಣಿಗೆ ಕಟ್ಟಿರಲೇಬೇಕು, ಮೂತ್ರಕ್ಕೆ ಹೋಗುವಾಗಲೂ.

ಕಿಲ್ತಾನ್‌ನಿಂದ ಊರಿಗೆ ಯಾವಾಗ ಹೊರಡಬೇಕು?

ಬೆಳಗ್ಗೆ ಆರಕ್ಕೆ. ಲೆಕ್ಕ ನೋಡಿ. ದೂರ 130 ಮೈಲು. 5 ನಾಟ್ ಸಿಕ್ಕಿದರೆ ಮರುದಿನ ಬೆಳಗ್ಗೆ ಎಂಟಕ್ಕೆ ದಡದಲ್ಲಿರುತ್ತೀರಿ. ಗಾಳಿ ಸೋತು 4 ನಾಟ್ ಆದರೆ ಮಧ್ಯಾಹ್ನ ಎರಡೂವರೆ, ಆಗಲೂ ಬೆಳಕಿದೆ. ಚೆನ್ನಾಗಿ ಓಡಿ 6 ನಾಟ್ ಆದರೆ ಬೆಳಗಿನ ಜಾವ ನಾಲ್ಕಕ್ಕೇ ಮುಟ್ಟಿಬಿಡುತ್ತೀರಿ. ಆಗ ದಡದಿಂದ 30 ಮೈಲು ಹೊರಗೇ ಹಾಯಿ ಇಳಿಸಿ, ನಿಧಾನ ಮಾಡಿ, ಬೆಳಕಿಗೆ ಕಾಯಿರಿ.

ಯಾಕೆ ಕಾಯಬೇಕು ಅಂದರೆ ಬಲೆಗಳು. ನನ್ನ ಮಟ್ಟಿಗೆ ಇಡೀ ಪಯಣದಲ್ಲಿ ಜಾಸ್ತಿ ಎಚ್ಚರ ಬೇಕಾದದ್ದು ಈ ಕೊನೆಯ 30 ಮೈಲಿಗೆ. ಮಂಗಳೂರಿನ ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು, ಕಾಸರಗೋಡು ಕಸಬಾದ, ಬೇಕಲದ, ಮಂಜೇಶ್ವರದ ಫೈಬರ್ ದೋಣಿಗಳು ಎಲ್ಲ ಇಲ್ಲೇ ಇರುತ್ತವೆ. ತೇಲುಬಲೆ ಕಿಲೋಮೀಟರುಗಟ್ಟಲೆ ಉದ್ದ. ಅದರ ಗುರುತು ಅಂದರೆ ಒಂದು ಥರ್ಮೋಕೋಲ್ ತುಂಡು, ಅದಕ್ಕೆ ಚುಚ್ಚಿದ ಬಿದಿರು ಕೋಲು, ಕೋಲಿಗೆ ಕಟ್ಟಿದ ಕಪ್ಪು ಬಟ್ಟೆ. ಅಲೆಯ ಇಳಿಜಾರಿನಲ್ಲಿ ಅದು ಇಪ್ಪತ್ತು ಮೀಟರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಕೆಲವರು ಸಣ್ಣ ಮಿಣುಕು ದೀಪ ಕಟ್ಟುತ್ತಾರೆ, ಕೆಲವರು ಇಲ್ಲ. ದೋಣಿಯವನು ಎದ್ದು ನಿಂತು ಒಂದು ಕಡೆಗೆ ಕೈಬೀಸುತ್ತಿದ್ದರೆ ಅದು ನಮಸ್ಕಾರ ಅಲ್ಲ, ಬಲೆಯ ತುದಿ ಆ ಕಡೆ ಇದೆ, ಸುತ್ತಿ ಹೋಗಿ ಅಂತ. ಹಾಗೇ ಮಾಡಿ. ಬಲೆ ಪ್ರೊಪೆಲ್ಲರಿಗೆ ಸುತ್ತಿದರೆ ಇಂಜಿನ್ ಕೂಡಲೇ ನ್ಯೂಟ್ರಲ್ ಮಾಡಿ, ಹಾಯಿಯಲ್ಲಿ ದೋಣಿಯನ್ನು ಹಿಡಿತಕ್ಕೆ ತನ್ನಿ. ಕತ್ತರಿಸುವ ಮೊದಲು ಬಲೆಯವನ ಜೊತೆ ಮಾತಾಡಿ. ಅದು ಅವನ ವರ್ಷದ ದುಡಿಮೆ.

ಮಾರ್ಚಿನಲ್ಲಿ ದಡದ ಮೇಲೆ ಮಬ್ಬು ಇರುತ್ತದೆ, ಘಟ್ಟ ಕಾಣುವುದಿಲ್ಲ. ತೆಂಕಿನಿಂದ ಬಂದರೆ ಮೊದಲು ಕಡಲಿಗೆ ಚಾಚಿದ ಏಳಿಮಲೆ. ಅಲ್ಲಿ ನೌಕಾ ಅಕಾಡೆಮಿ ಇದೆ, ದೂರ ಇರಿ. ಆಮೇಲೆ ನೀರಿಗೇ ಇಳಿದ ಹಾಗೆ ಕಾಣುವ ಕೆಂಪು ಗೋಡೆ, ಇಕ್ಕೇರಿಯವರು ಕಟ್ಟಿದ ಬೇಕಲ ಕೋಟೆ. ಅದು ಕಂಡರೆ ಚಂದ್ರಗಿರಿ ಹೊಳೆಯ ಅಳಿವೆ ಒಂದೆರಡು ಗಂಟೆಯ ದಾರಿ.

ಚಂದ್ರಗಿರಿ ಅಳಿವೆಯಲ್ಲಿ ಒಳಗೆ ಬರಬಹುದಾ?

ಆಳದ ಕೀಲ್ ಇದ್ದರೆ ಬೇಡ. ಅಳಿವೆಯಲ್ಲಿ ಮರಳು ದಿಬ್ಬ ಇದೆ, ಪ್ರತಿ ಮಳೆಗಾಲ ಅದರ ಜಾಗ ಬದಲಾಗುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಉಬ್ಬರ-ಇಳಿತದ ಅಂತರ ಒಂದು-ಒಂದೂವರೆ ಮೀಟರ್ ಅಷ್ಟೇ, ಎರಡು ಮೀಟರಿನ ಕೀಲಿಗೆ ಅದು ಆಸರೆ ಆಗುವುದಿಲ್ಲ. ಕೀಲ್ ಎತ್ತುವಂಥ ದೋಣಿಯಾದರೆ, ಉಬ್ಬರ ಏರುತ್ತಿರುವಾಗ, ಬೆಳಗಿನ ಶಾಂತ ಕಡಲಿನಲ್ಲಿ, ಕಸಬಾದ ಒಬ್ಬ ಮೀನುಗಾರನನ್ನು ಚುಕ್ಕಾಣಿಯ ಹತ್ತಿರ ನಿಲ್ಲಿಸಿಕೊಂಡು ಬನ್ನಿ. ಕಸಬಾ ಮತ್ತು ಮಂಜೇಶ್ವರದ ಬಂದರುಗಳು ಮೀನುಗಾರರಿಗೆ ಕಟ್ಟಿದ್ದು, ಅವರನ್ನೂ ಬಂದರು ಇಲಾಖೆಯನ್ನೂ ಮೊದಲೇ ಕೇಳಿಕೊಂಡಿರಿ.

ಇನ್ನೊಂದು ಮುಖ್ಯ ವಿಷಯ. ಏಪ್ರಿಲ್, ಮೇಯಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ, ಆದರೂ ಇದ್ದಕ್ಕಿದ್ದ ಹಾಗೆ ಕಡಲು ದಡಕ್ಕೆ ನುಗ್ಗುತ್ತದೆ. ಕೇರಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ದಕ್ಷಿಣ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದುದ್ದ ಅಲೆಗಳು ಸಾವಿರಾರು ಮೈಲು ದಾಟಿ ಇಲ್ಲಿಗೆ ಮುಟ್ಟುವುದು. ಹೊರಗಡಲಿನಲ್ಲಿ ಅದು ದೋಣಿಯನ್ನು ಮೆಲ್ಲನೆ ಎತ್ತಿ ಇಳಿಸುತ್ತದೆ, ಗೊತ್ತೇ ಆಗುವುದಿಲ್ಲ. ಅಳಿವೆಯ ದಿಬ್ಬದ ಮೇಲೆ ಅದೇ ಅಲೆ ಗೋಡೆಯಾಗಿ ಒಡೆಯುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಆ ಎಚ್ಚರಿಕೆ ಇದ್ದ ದಿನ ಅಳಿವೆ ಹತ್ತಿರ ಸುಳಿಯಬೇಡಿ, ಪಣಂಬೂರಿಗೆ ಹೋಗಿ. ಇಲ್ಲಿಂದ 28 ಮೈಲು.

ದ್ವೀಪ ಬೇಡ, ಕೊಚ್ಚಿಯಿಂದ ಕರಾವಳಿ ಹಿಡಿದೇ ಬರುತ್ತೇವೆ. ಹೇಗೆ?

ಸುಮಾರು 170 ಮೈಲು. ನಡುರಾತ್ರಿಯಿಂದ ಬೆಳಗ್ಗೆ ಒಂಬತ್ತು-ಹತ್ತರವರೆಗೆ ನೆಲದ ಕಡೆಯಿಂದ ಮೂಡುಗಾಳಿ ಬೀಸುತ್ತದೆ, ಉತ್ತರಕ್ಕೆ ಹೋಗಲು ಹೇಳಿ ಮಾಡಿಸಿದ್ದು. ಮಧ್ಯಾಹ್ನದ ಮೇಲೆ ವಾಯವ್ಯದ ಕಡಲಗಾಳಿ ಎದುರೋರೆ ಬರುತ್ತದೆ. ಆ ಹೊತ್ತಿಗೆ ಸ್ವಲ್ಪ ಹೊರಗೆ ಹೋಗಿ ಮತ್ತೆ ರಾತ್ರಿಗೆ ಕಾಯಿರಿ. ಬೇಪೂರಿನಲ್ಲಿ ಒಂದು ದಿನ ನಿಲ್ಲಲು ಅನುಮತಿ ಸಿಕ್ಕಿದರೆ ಉರು (ದೊಡ್ಡ ಮರದ ಹಡಗು) ಕಟ್ಟುವ ಮರಗೆಲಸದವರನ್ನು ನೋಡಿ ಬನ್ನಿ. ಬಲೆಗಳು ಮಾತ್ರ ಇಲ್ಲಿ ಉದ್ದಕ್ಕೂ ಇರುತ್ತವೆ.

ಹಿಂದಿನವರು ಈ ದಾರಿಯಲ್ಲಿ ಹಾಯಿಯಲ್ಲೇ ಬರುತ್ತಿದ್ದರಾ?

ಬರುತ್ತಿದ್ದರು, ಅದೂ ವರ್ಷ ವರ್ಷ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕಾಸರಗೋಡೂ ಆಗ ಅದೇ ಜಿಲ್ಲೆ. ಟಿಪ್ಪುವಿನ ಕಾಲದಿಂದ ಆ ದ್ವೀಪಗಳ ನಂಟು ಮಂಗಳೂರಿನ ಜೊತೆ. ದ್ವೀಪದವರು ಮಳೆಗಾಲ ಕಳೆದ ಮೇಲೆ ಓಡಂ ಅನ್ನುವ ಹಾಯಿದೋಣಿಗಳಲ್ಲಿ ತೆಂಗಿನ ನಾರು, ಕೊಪ್ಪರ ತುಂಬಿಕೊಂಡು ಮಂಗಳೂರು ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಮಳೆ ಹಿಡಿಯುವ ಮೊದಲು ಓಡಂ ದಡಕ್ಕೆ ಎಳೆದು ತೆಂಗಿನ ಗರಿ ಮುಚ್ಚುತ್ತಿದ್ದರು. ಇಂಜಿನ್ ಇಲ್ಲದ ಅವರು ತಿಂಗಳು ನೋಡಿ ಹೊರಟರು, ಇಂಜಿನ್ ಇರುವ ನಾವೂ ಹಾಗೆಯೇ ಹೊರಡುವುದು ಒಳ್ಳೆಯದು.

ಅಪಾಯ ಬಂದರೆ ಯಾರಿಗೆ ಹೇಳಬೇಕು?

ವಿಎಚ್‌ಎಫ್ ಚಾನೆಲ್ 16. ಫೋನ್ ಸಿಗುವಲ್ಲಿ ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093. ದಡ ಬಿಟ್ಟರೆ 10-15 ಮೈಲಿಗೆ ಮೊಬೈಲ್ ಸತ್ತುಹೋಗುತ್ತದೆ. ಹೊರಡುವ ಮೊದಲು ದಾರಿ, ಜನರ ಹೆಸರು, ಮುಟ್ಟುವ ದಿನ ಎಲ್ಲ ಬರೆದ ಒಂದು ಹಾಳೆ ಮನೆಯಲ್ಲಿ ಕೊಟ್ಟಿರಿ. ಎಷ್ಟು ತಡವಾದರೆ ಕೋಸ್ಟ್ ಗಾರ್ಡಿಗೆ ಫೋನ್ ಮಾಡಬೇಕು ಅನ್ನುವುದೂ ಅದರಲ್ಲಿ ಇರಲಿ. ದಾರಿಯಲ್ಲಿ ಕೋಸ್ಟ್ ಗಾರ್ಡ್ ಕರೆದು ಕೇಳಿದರೆ ದೋಣಿ ಹೆಸರು, ಹಿಂದಿನ ಬಂದರು, ಮುಂದಿನ ಬಂದರು, ಎಷ್ಟು ಜನ, ಇಷ್ಟು ನೆಟ್ಟಗೆ ಹೇಳಿ.

ಮಳೆಗಾಲದಲ್ಲಿ ದೋಣಿ ಎಲ್ಲಿ ಇಡುವುದು?

ಮಂಗಳೂರಿನ ದಕ್ಕೆಯಲ್ಲಿ ಜಾಗ ಸಿಗಬಹುದು ಅಂತ ನಂಬಿ ಬರಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ. ಆಗ ಬೋಟುಗಳೆಲ್ಲ ದಡದಲ್ಲೇ, ಒಂದಕ್ಕೊಂದು ತಾಗಿ ಸಾಲು ಸಾಲು ನಿಂತಿರುತ್ತವೆ. ಅವುಗಳ ನಡುವೆ ಫೈಬರಿನ ಹಾಯಿದೋಣಿ ಸಿಕ್ಕಿದರೆ ನಜ್ಜುಗುಜ್ಜು. ಕಾಸರಗೋಡಿನ ಹೊಳೆಗಳಲ್ಲಿ ಜುಲೈಯ ನೆರೆ ಮರದ ದಿಮ್ಮಿಗಳನ್ನು ಹೊತ್ತು ತರುತ್ತದೆ.

ಹಾಗಾಗಿ ಎರಡೇ ದಾರಿ. ಊರಿಗೆ ಬಂದು, ಮನೆಯವರನ್ನೆಲ್ಲ ಒಂದು ಸುತ್ತು ಕರೆದುಕೊಂಡು ಹೋಗಿ, ಏಪ್ರಿಲ್ ನಡುವಿನೊಳಗೆ ಕೊಚ್ಚಿಗೆ ಮರಳಿ ಮರೀನಾದಲ್ಲಿ ಕಟ್ಟುವುದು. ಇಲ್ಲವಾದರೆ ಕ್ರೇನಿನಲ್ಲಿ ಎತ್ತಿ ನೆಲದ ಮೇಲೆ ನಿಲ್ಲಿಸುವುದು. ಎತ್ತುವುದಾದರೆ ಕಂಬ ಇಳಿಸಿ, ಹಾಯಿ ಬಿಚ್ಚಿ ಮನೆಯ ಅಟ್ಟಕ್ಕೆ ಒಯ್ಯಿರಿ, ತಳದ ಕವಾಟ ತೆರೆದಿಡಿ, ಮಳೆನೀರು ಒಳಗೆ ನಿಲ್ಲಬಾರದು. ಕ್ರೇನಿನವರಿಗೆ ಮಾರ್ಚಿನಲ್ಲೇ ಮುಂಗಡ ಕೊಟ್ಟು ದಿನ ಗೊತ್ತು ಮಾಡಿ. ಮೇ ಕೊನೆಯ ವಾರ ಎಲ್ಲರಿಗೂ ಅದೇ ಕ್ರೇನ್ ಬೇಕಾಗುತ್ತದೆ.